ಭಯದ ಕ್ಷಣದಲ್ಲಿ ದೇಹವೇಕೆ ಕಲ್ಲಾಗುತ್ತದೆ?

ಹಿತ್ತಿಲಲ್ಲಿ ಮರಿಗಳೊಂದಿಗೆ ನೆಲ ಕೆದರುತ್ತ ಮೇಯುವ ಕೋಳಿಯನ್ನು ಹಳ್ಳಿಯಲ್ಲಿ ಬೆಳೆದವರೆಲ್ಲರೂ ನೋಡಿರುತ್ತಾರೆ. ಆಕಾಶದಲ್ಲಿ ಹದ್ದು ಸುಳಿದೊಡನೆ ತಾಯಿಕೋಳಿಯ ಕೊರಳಿನಿಂದ ಎಂದಿನದಲ್ಲದ ಒಂದು ಕೂಗು ಹೊರಡುತ್ತದೆ. ಹತ್ತಿರವಿದ್ದ ಮರಿಗಳು ಓಡಿಬಂದು ರೆಕ್ಕೆಯಡಿ ಸೇರುತ್ತವೆ; ದೂರದಲ್ಲಿದ್ದವು ಇದ್ದಲ್ಲಿಯೇ ನೆಲಕ್ಕೊತ್ತಿಕೊಂಡು ಮಣ್ಣಿನ ಹೆಂಟೆಯಂತೆ ಅಲುಗಾಡದೆ ಕುಳಿತುಬಿಡುತ್ತವೆ. ಓಡಿದ ಮರಿಯನ್ನು ಜಾಣಮರಿ ಎಂದಾಗಲಿ, ಕುಳಿತ ಮರಿಯನ್ನು ಹೇಡಿ ಎಂದಾಗಲಿ ಯಾರೂ ಕರೆಯುವುದಿಲ್ಲ. ಮನುಷ್ಯರ ವಿಷಯ ಬಂದಾಗ ಮಾತ್ರ ನಮ್ಮ ನಾಲಿಗೆಗೆ ಅಷ್ಟು ಸಂಯಮವಿರುವುದಿಲ್ಲ.

ಈ ಲೇಖನಕ್ಕೆ ಕಾರಣವಾದ ಪ್ರಸಂಗವನ್ನು ಊರು, ಹೆಸರು ತಿಳಿಸದೆ ಹೇಳುತ್ತೇವೆ. ಎಳೆಯ ವಯಸ್ಸಿನ ಗೃಹಿಣಿಯೊಬ್ಬರು ಅಜೀರ್ಣ, ಮೇಲಿಂದ ಮೇಲೆ ಭೇದಿ, ನಿದ್ರೆಯಿಲ್ಲದಿರುವಿಕೆ ಎಂದು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ನಾವು ನಾಡಿ ನೋಡಿ, ನಾಲಿಗೆ ನೋಡಿ, ಅಗ್ನಿಮಾಂದ್ಯವೆಂದು ನಿರ್ಣಯಿಸಿ ಹಿಂಗ್ವಾಷ್ಟಕ ಚೂರ್ಣವನ್ನೂ ಕುಟಜಾರಿಷ್ಟವನ್ನೂ ಕೊಟ್ಟೆವು. ಎರಡು ತಿಂಗಳಾದರೂ ಗುಣ ಕಾಣಲಿಲ್ಲ. ಮೂರನೆಯ ಸಲ ಅತ್ತೆಯೂ ಜೊತೆಗೆ ಬಂದಿದ್ದರು. ಸೊಸೆಗೆ ಏನಾಗಿದೆಯೆಂದು ಕೇಳಿದಾಗ ಆ ಹಿರಿಯರು ತಡೆಯಿಲ್ಲದೆ ನುಡಿದರು: “ಕೂಸು ಕೃಷಿಹೊಂಡದಾಗ ಜಾರಿ ಬಿತ್ರೀ. ಹೆತ್ತಾಕಿ ದಂಡಿ ಮ್ಯಾಲ ನಿಂತು ನೋಡಾಕತ್ತಿದ್ಲು. ಬಾಜೂ ಹೊಲದಾಂವ ಓಡಿ ಬಂದು ಎತ್ತಿದ.” ಸೊಸೆ ತಲೆ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಇಷ್ಟೇ ಹೇಳಿದರು: “ಕಾಲ ಏಳಲಿಲ್ರೀ ಡಾಕ್ಟರ್ರ. ಒದರಬೇಕಂದ್ರ ದನಿನೂ ಹೊರಡಲಿಲ್ಲ.”

ಮಗುವಿಗೆ ಏನೂ ಆಗಿರಲಿಲ್ಲ. ಆದರೆ ಅಂದಿನಿಂದ ಆ ಮನೆಯಲ್ಲಿ ಮಗುವನ್ನು ತಾಯಿಯ ಕೈಗೆ ಕೊಡುವುದನ್ನೇ ನಿಲ್ಲಿಸಿದ್ದರು. ಎರಡು ತಿಂಗಳು ನಾವು ಹೊಟ್ಟೆಗೆ ಔಷಧ ಕೊಟ್ಟೆವು. ಹೊಟ್ಟೆ ಕೆಟ್ಟದ್ದು ಯಾವಾಗಿನಿಂದ, ಅದಕ್ಕೆ ಹಿಂದೆ ಏನು ನಡೆದಿತ್ತು ಎಂದು ಕೇಳಲಿಲ್ಲ. ಚರಕಾಚಾರ್ಯರು ಅತಿಸಾರದ ಪ್ರಕಾರಗಳನ್ನು ವಿವರಿಸುವಾಗ ಭಯದಿಂದ ಬರುವುದು, ಶೋಕದಿಂದ ಬರುವುದು ಎಂದು ಎರಡನ್ನು ಪ್ರತ್ಯೇಕವಾಗಿ ಹೆಸರಿಸಿದ್ದಾರೆ. ಅದನ್ನು ಓದಿ ಪರೀಕ್ಷೆ ಬರೆದು ಉತ್ತೀರ್ಣರಾದವರು ನಾವು. ರೋಗಿ ಎದುರಿಗೆ ಕುಳಿತಾಗ ಅದು ನೆನಪಿಗೆ ಬರಲಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯಬೇಕು.

ಆ ತಾಯಿಯ ಕಾಲು ಏಕೆ ಏಳಲಿಲ್ಲ? ಈ ಪ್ರಶ್ನೆಗೆ ಉತ್ತರವನ್ನು ವಿಜ್ಞಾನಿಗಳು ಬಹುಮಟ್ಟಿಗೆ ಪ್ರಾಣಿಗಳಲ್ಲಿ ಹುಡುಕಿದ್ದಾರೆ.

2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಇಬ್ಬರು ಸಂಶೋಧಕರು ಸರಳವಾದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಪೆಟ್ಟಿಗೆ, ಅದರ ಮೂಲೆಯಲ್ಲಿ ಅಡಗಲು ಒಂದು ಗೂಡು, ಮೇಲ್ಭಾಗದಲ್ಲಿ ಒಂದು ಪರದೆ. ಇಲಿ ಪೆಟ್ಟಿಗೆಯಲ್ಲಿ ಓಡಾಡುತ್ತಿರುವಾಗ ಪರದೆಯ ಮೇಲೆ ಕಪ್ಪು ಚುಕ್ಕೆಯೊಂದು ಮೂಡಿ, ಮೇಲಿನಿಂದ ಏನೋ ಎರಗಿ ಬರುತ್ತಿರುವಂತೆ ದೊಡ್ಡದಾಗುತ್ತ ಹೋಗುತ್ತದೆ. ಇಲಿ ಕ್ಷಣಮಾತ್ರದಲ್ಲಿ ಗೂಡಿಗೆ ಓಡುತ್ತದೆ, ಇಲ್ಲವೇ ಇದ್ದಲ್ಲಿಯೇ ಕಲ್ಲಾಗುತ್ತದೆ. ಅವು ಪ್ರಯೋಗಾಲಯದಲ್ಲಿಯೇ ಹುಟ್ಟಿ ಬೆಳೆದ ಇಲಿಗಳು. ಹದ್ದನ್ನು ಒಮ್ಮೆಯೂ ಕಂಡವಲ್ಲ. ಯಾರೂ ಕಲಿಸದಿದ್ದರೂ ಮೊದಲ ಸಲವೇ ಹಾಗೆ ಮಾಡಿದವು. ಮುಂದೆ ಬೇರೆ ಸಂಶೋಧಕರು ಚುಕ್ಕೆಯನ್ನು ದೊಡ್ಡದು ಮಾಡದೆ, ದೂರದಲ್ಲಿ ಹಾರಿಹೋಗುವ ಹಕ್ಕಿಯಂತೆ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸಿ ನೋಡಿದರು. ಆಗ ಇಲಿಗಳು ಹೆಚ್ಚಾಗಿ ಓಡಲಿಲ್ಲ, ಸ್ತಬ್ಧವಾದವು. ಇದರಲ್ಲಿ ಅರ್ಥವಿದೆ. ದೂರದ ಹದ್ದು ಇನ್ನೂ ನೋಡಿಲ್ಲ, ಅಲುಗಾಡಿದರೆ ನೋಡುತ್ತದೆ. ಎರಗುತ್ತಿರುವ ಹದ್ದು ನೋಡಿಯಾಗಿದೆ, ಇನ್ನು ಓಡದೆ ಉಪಾಯವಿಲ್ಲ.

ಲಂಡನ್ನಿನ ಟಿಯಾಗೋ ಬ್ರಾಂಕೋ ಅವರ ತಂಡವು ಇದೇ ವಿಧಾನದಿಂದ ಇನ್ನೊಂದು ಸಂಗತಿಯನ್ನು ಕಂಡುಕೊಂಡಿತು. ಅಡಗುವ ಗೂಡನ್ನು ತೆಗೆದುಬಿಟ್ಟರೆ, ಎಲ್ಲಿಗೂ ಹೋಗಲು ದಾರಿಯಿಲ್ಲವೆಂದು ತಿಳಿದ ಇಲಿ ಓಡುವುದನ್ನು ಬಿಟ್ಟು ಸ್ತಬ್ಧವಾಗುತ್ತದೆ. ಅಪಾಯ ಅದೇ, ಇಲಿಯೂ ಅದೇ. ಬದಲಾದದ್ದು ಆಸರೆ ಇದೆಯೇ ಇಲ್ಲವೇ ಎಂಬುದು ಮಾತ್ರ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇಷ್ಟು ಬೇಗನೆ ನಿರ್ಧರಿಸುವ ಭಾಗ ಮೆದುಳಿನಲ್ಲಿ ಎಲ್ಲಿದೆ? ನಾವು ಯೋಚಿಸುವ, ಲೆಕ್ಕ ಹಾಕುವ ಮೇಲ್ಪದರದಲ್ಲಿ ಅಲ್ಲ. ಅದಕ್ಕಿಂತ ಬಹಳ ಕೆಳಗೆ, ನಡುಮೆದುಳಿನಲ್ಲಿದೆ. ಕಣ್ಣಿನಿಂದ ಬರುವ ಸಂದೇಶದ ಒಂದು ಕವಲು ನಡುಮೆದುಳಿನ ಮೇಲ್ಛಾವಣಿಯಂತಿರುವ ಭಾಗಕ್ಕೆ ತಲುಪುತ್ತದೆ. ಅಲ್ಲಿಂದ ಅದು ನಡುಮೆದುಳಿನ ಒಳಗಿನ ಸಣ್ಣ ಕಾಲುವೆಯೊಂದನ್ನು ಸುತ್ತುವರಿದಿರುವ ಬೂದುಬಣ್ಣದ ನರಕೋಶಗಳ ಕಟ್ಟಿಗೆ ಹೋಗುತ್ತದೆ. ಈ ಎರಡರ ನಡುವಣ ಕೊಂಡಿ ಬೇಕೆಂದೇ ದುರ್ಬಲವಾಗಿದೆ ಎನ್ನುವಂತಿದೆ. ಒಂದೆರಡು ಸಂದೇಶಗಳಿಗೆ ಅದು ಜಗ್ಗುವುದಿಲ್ಲ. ಅಪಾಯದ ಸುಳಿವು ಒಂದರ ಮೇಲೊಂದು ಕೂಡಿಕೊಂಡು ಒಂದು ಮಿತಿ ದಾಟಿದಾಗ ಮಾತ್ರ ಓಟ ಆರಂಭವಾಗುತ್ತದೆ. 2018ರಲ್ಲಿ ಅದೇ ಲಂಡನ್ ತಂಡ ಇದನ್ನು ತೋರಿಸಿಕೊಟ್ಟಿತು. ಪ್ರತಿಯೊಂದು ಎಲೆಯ ನೆರಳಿಗೂ ಇಲಿ ಓಡುತ್ತಿದ್ದರೆ ಅದಕ್ಕೆ ಹೊಟ್ಟೆ ತುಂಬಿಸಿಕೊಳ್ಳಲು ಹೊತ್ತೆಲ್ಲಿರುತ್ತಿತ್ತು?

ಆ ಬೂದುಬಣ್ಣದ ಕಟ್ಟಿನಲ್ಲಿ ಕಂಬಗಳಂತೆ ಬೇರೆ ಬೇರೆ ವಿಭಾಗಗಳಿವೆ. ಮೇಲ್ಬದಿಯ ವಿಭಾಗವನ್ನು ಪ್ರಚೋದಿಸಿದರೆ ಪ್ರಾಣಿ ಓಡುತ್ತದೆ, ನೆಗೆಯುತ್ತದೆ. ಕೆಳಬದಿಯ ಹೊರ ಅಂಚಿನ ವಿಭಾಗವನ್ನು ಪ್ರಚೋದಿಸಿದರೆ ಸ್ತಬ್ಧವಾಗುತ್ತದೆ. 2016ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಜ್ಞಾನಿಗಳು ಇಲಿಗಳಲ್ಲಿ ಈ ಸ್ತಬ್ಧತೆಯ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಗುರುತಿಸಿದರು: ಮೆದುಳಿನ ಆಳದಲ್ಲಿ ಬಾದಾಮಿ ಬೀಜದ ಆಕಾರದಲ್ಲಿರುವ ಅಮಿಗ್ಡಲಾ, ಅಲ್ಲಿಂದ ಈ ಬೂದು ಕಟ್ಟು, ಅಲ್ಲಿಂದ ಮೆದುಳಿನ ಬುಡದ ಒಂದು ಕೇಂದ್ರ, ಅಲ್ಲಿಂದ ಬೆನ್ನುಹುರಿಯ ಮೂಲಕ ಸ್ನಾಯುಗಳು.

ಸ್ತಬ್ಧತೆ ಎಂದರೆ ಏನೂ ಮಾಡದಿರುವುದು ಎಂದು ನಾವು ತಪ್ಪಾಗಿ ತಿಳಿಯುತ್ತೇವೆ. ಸ್ತಬ್ಧವಾದ ಪ್ರಾಣಿಯ ಸ್ನಾಯುಗಳು ಸಡಿಲವಾಗಿರುವುದಿಲ್ಲ, ಬಿಗಿದಿರುತ್ತವೆ. ಕಣ್ಣು, ಕಿವಿ ಚುರುಕಾಗಿರುತ್ತವೆ. ಎದೆಬಡಿತ ಹೆಚ್ಚುವ ಬದಲು ಹಲವು ಸಲ ಕಡಿಮೆಯಾಗುತ್ತದೆ. ಅದು ದೇಹವು ಕೈಗೊಳ್ಳುವ ಒಂದು ಕ್ರಿಯೆ. ಓಡುವುದಕ್ಕೆ ಹೇಗೆ ನರಮಾರ್ಗವಿದೆಯೋ ನಿಲ್ಲುವುದಕ್ಕೂ ಹಾಗೆಯೇ ತನ್ನದೇ ಆದ ನರಮಾರ್ಗವಿದೆ. ಒಂದು ತೆರೆದಾಗ ಇನ್ನೊಂದು ಮುಚ್ಚುತ್ತದೆ. ನಡುಮೆದುಳು, ಮೆದುಳಿನ ಬುಡ ಇವುಗಳ ಸ್ಥೂಲ ರಚನೆ ಇಲಿ, ಬೆಕ್ಕು, ಮನುಷ್ಯ ಎಲ್ಲರಲ್ಲಿಯೂ ಒಂದೇ ಬಗೆಯದು. ಈಜು ಬಾರದ, ಪ್ಲಾಸ್ಟಿಕ್ ಹಾಳೆ ಹಾಸಿದ ಜಾರು ದಂಡೆಯ ಮೇಲೆ ನಿಂತ, ಹಿಡಿಯಲು ಹಗ್ಗವೂ ಕೋಲೂ ಇಲ್ಲದ ಆ ತಾಯಿಯ ಒಳಗೆ ಯಾವ ದಾರಿ ತೆರೆದುಕೊಂಡಿತೆಂದು ನಾವು ಊಹಿಸಬಹುದು. ಮಗುವಿನ ಮೇಲಿನ ಮಮತೆಯನ್ನು ಅದರಿಂದ ಅಳೆಯಲಾಗದು.

ಅಮಿಗ್ಡಲಾದ ಬಗ್ಗೆ ಒಂದು ಮಾತು. 1930ರ ದಶಕದಲ್ಲಿ ಶಿಕಾಗೋ ನಗರದ ಕ್ಲೂವರ್ ಮತ್ತು ಬ್ಯೂಸಿ ಎಂಬ ವಿಜ್ಞಾನಿಗಳು ಕೋತಿಗಳ ಮೆದುಳಿನ ಕಪೋಲಭಾಗವನ್ನು ಎರಡೂ ಬದಿಯಲ್ಲಿ ತೆಗೆದಾಗ, ಹಾವನ್ನು ಕಂಡರೆ ದೂರ ಸರಿಯುತ್ತಿದ್ದ ಕೋತಿಗಳು ನಿರ್ಭಯವಾಗಿ ಅದರ ಬಳಿಗೆ ಹೋದವು. ತೆಗೆದ ಭಾಗದಲ್ಲಿ ಅಮಿಗ್ಡಲಾ ಮುಖ್ಯವಾದುದೆಂದು ಆನಂತರ ತಿಳಿಯಿತು. ನ್ಯೂಯಾರ್ಕಿನ ಜೋಸೆಫ್ ಲೆಡೂ ಅವರು 1980ರ ದಶಕದಿಂದ ಇಲಿಗಳ ಮೇಲೆ ನಡೆಸಿದ ಅಧ್ಯಯನದಿಂದ, ಒಂದು ಶಬ್ದ ಕೇಳಿಸಿ ಕೂಡಲೇ ಸಣ್ಣ ವಿದ್ಯುತ್ ಆಘಾತ ಕೊಟ್ಟರೆ ಆ ಶಬ್ದವನ್ನೇ ಅಪಾಯವೆಂದು ನೆನಪಿಡುವುದು ಅಮಿಗ್ಡಲಾದ ಕೆಲಸವೆಂದು ಸ್ಪಷ್ಟವಾಯಿತು. ಕಿವಿಯಿಂದ ಅದಕ್ಕೆ ಎರಡು ದಾರಿಗಳಿವೆ. ಒಂದು ಹತ್ತಿರದ ಒಳದಾರಿ: ಬೇಗ ತಲುಪುತ್ತದೆ, ವಿವರವಿರುವುದಿಲ್ಲ. ಇನ್ನೊಂದು ಮೆದುಳಿನ ಮೇಲ್ಪದರವನ್ನು ಹಾದು ಬರುವ ಸುತ್ತುದಾರಿ: ತಡವಾಗುತ್ತದೆ, ಆದರೆ ಸರಿಯಾಗಿ ತಿಳಿಸುತ್ತದೆ. ಮುಸ್ಸಂಜೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆಚ್ಚಿ, ಮರುಕ್ಷಣ ನಗುವಾಗ ಇಂಥ ಎರಡು ದಾರಿಗಳ ನಡುವಣ ಅಂತರವನ್ನೇ ನಾವು ಅನುಭವಿಸುತ್ತಿರಬಹುದು. ವೇದಾಂತಿಗಳು ಹಗ್ಗ–ಹಾವಿನ ದೃಷ್ಟಾಂತವನ್ನು ಬೇರೊಂದು ಉದ್ದೇಶಕ್ಕೆ ಬಳಸಿದ್ದಾರೆ, ಅದು ಬೇರೆ ಮಾತು. ಆದರೆ ಅಮಿಗ್ಡಲಾವನ್ನು ‘ಭಯದ ಪೀಠ’ವೆಂದು ಬರೆಯುವ ವಾಡಿಕೆಯನ್ನು ಸ್ವತಃ ಲೆಡೂ ಅವರೇ ಆಕ್ಷೇಪಿಸಿದ್ದಾರೆ. ಅಪಾಯಕ್ಕೆ ದೇಹ ತೋರುವ ಪ್ರತಿಕ್ರಿಯೆ ಒಂದು, ನನಗೆ ಭಯವಾಗುತ್ತಿದೆ ಎಂಬ ಅರಿವು ಇನ್ನೊಂದು. ಮೊದಲನೆಯದು ಎರಡನೆಯದಕ್ಕಾಗಿ ಕಾಯುವುದಿಲ್ಲ ಎಂಬುದು ಅವರ ನಿಲುವು. ವೈದ್ಯರಾಗಿ ನಮಗೆ ಇದು ಬಹಳ ಉಪಯುಕ್ತವೆನಿಸಿದೆ.

ನಮ್ಮ ಆಯುರ್ವೇದದ ಬಂಧುಗಳು ಇಂಥ ಸಂಗತಿ ಬಂದಾಗಲೆಲ್ಲ, ಇದು ನಮ್ಮಲ್ಲಿ ಮೊದಲೇ ಇತ್ತು ಎಂದು ಹೇಳುವುದುಂಟು. ಅಮಿಗ್ಡಲಾವನ್ನು ಹೃದಯಕ್ಕೋ ಮನೋವಹ ಸ್ರೋತಸ್ಸಿಗೋ ಎಳೆದು ಕಟ್ಟುವುದು ನಮಗೆ ಸರಿಕಾಣುವುದಿಲ್ಲ. ಇದ್ದುದನ್ನು ಇದ್ದಂತೆ ಹೇಳಿದರೆ ಸಾಕಷ್ಟಿದೆ. ಚರಕರು ತಡೆಯಬೇಕಾದ ವೇಗಗಳನ್ನು ಹೇಳುವಾಗ ಲೋಭ, ಶೋಕ, ಕ್ರೋಧಗಳೊಂದಿಗೆ ಭಯವನ್ನೂ ಸೇರಿಸಿದ್ದಾರೆ. ಇದನ್ನು ಹಿಡಿದು ‘ಭಯವನ್ನು ತಡೆದುಕೊಳ್ಳಲಾರದವರು ದುರ್ಬಲರು’ ಎಂದು ಉಪದೇಶಿಸುವವರಿದ್ದಾರೆ. ಆಚಾರ್ಯರ ಅಭಿಪ್ರಾಯ ಅದಿರಲಾರದು. ಅವರು ತಡೆಯಲು ಹೇಳಿದ್ದು ಮನಸ್ಸಿನಲ್ಲಿ ಎದ್ದು ಬೆಳೆಯುವ ವೇಗವನ್ನು. ದಿನವಿಡೀ ಮೆಲುಕು ಹಾಕಿ ಬೆಳೆಸಿಕೊಳ್ಳುವ ಅಂಜಿಕೆಯನ್ನು. ಕಣ್ಣು ರೆಪ್ಪೆ ಬಡಿಯುವುದರೊಳಗೆ ನಡುಮೆದುಳು ಮಾಡಿ ಮುಗಿಸುವುದನ್ನು ಯಾವ ಯೋಗಿಯೂ ತಡೆಯಲಾರ.

ಹೊಟ್ಟೆಯ ವಿಷಯಕ್ಕೆ ಮರಳೋಣ. 1897ರ ಹೊತ್ತಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಕ್ಯಾನನ್ ಎಂಬ ಯುವಕರು, ಆಗತಾನೆ ಬಂದಿದ್ದ ಎಕ್ಸ್-ರೇ ಕಿರಣಗಳಿಂದ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದರು. ಶಾಂತವಾಗಿದ್ದ ಬೆಕ್ಕಿನ ಜಠರ ಅಲೆಯಲೆಯಾಗಿ ಚಲಿಸುತ್ತಿತ್ತು. ಬೆಕ್ಕು ಗಾಬರಿಗೊಂಡೊಡನೆ ಆ ಅಲೆಗಳು ನಿಂತುಹೋಗುತ್ತಿದ್ದವು. ಈ ಜಾಡನ್ನೇ ಹಿಡಿದು ಅವರು 1915ರಲ್ಲಿ ಬರೆದ ಗ್ರಂಥದಿಂದ, ಅಪಾಯದಲ್ಲಿ ದೇಹವು ಹೋರಾಟಕ್ಕೋ ಓಟಕ್ಕೋ ಸಿದ್ಧವಾಗುತ್ತದೆ ಎಂಬ ವಿಚಾರ ಲೋಕಪ್ರಸಿದ್ಧವಾಯಿತು. ರಕ್ತವು ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಕಡೆ ಹರಿಯುತ್ತದೆ. ಊಟ ಅರಗಿಸುವ ಕೆಲಸವನ್ನು ಆಮೇಲೆ ನೋಡಿಕೊಂಡರಾಯಿತು ಎಂಬ ಏರ್ಪಾಡು ಅದು.

ಇದರ ಜೊತೆಗೆ ಇನ್ನೊಂದು ನಿಧಾನದ ಏರ್ಪಾಡೂ ಇದೆ. ಮೆದುಳಿನ ತಳದ ಹೈಪೊಥಲಾಮಸ್ ಎಂಬ ಭಾಗ ಒಂದು ರಾಸಾಯನಿಕವನ್ನು ಹೊರಬಿಡುತ್ತದೆ. ಅದರಿಂದ ಪಿಟ್ಯುಟರಿ ಗ್ರಂಥಿ ಎಚ್ಚರಗೊಂಡು ಇನ್ನೊಂದನ್ನು ರಕ್ತಕ್ಕೆ ಸೇರಿಸುತ್ತದೆ. ಅದು ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಬರುವಂತೆ ಮಾಡುತ್ತದೆ. ಹೈಪೊಥಲಾಮಸ್ಸಿನ ಆ ರಾಸಾಯನಿಕವನ್ನು 1981ರಲ್ಲಿ ವೈಲೀ ವೇಲ್ ಅವರ ತಂಡ ಕುರಿಗಳ ಮೆದುಳಿನಿಂದ ಬೇರ್ಪಡಿಸಿತು. ಅದೇ ವಸ್ತು ಜಠರದ ಚಲನೆಯನ್ನು ತಗ್ಗಿಸುತ್ತದೆ, ದೊಡ್ಡ ಕರುಳಿನ ಚಲನೆಯನ್ನು ಹೆಚ್ಚಿಸುತ್ತದೆ. ಎಂದರೆ ಮೇಲೆ ಅಜೀರ್ಣ, ಕೆಳಗೆ ಭೇದಿ. ನಮ್ಮ ರೋಗಿಯ ದೂರು ಅಕ್ಷರಶಃ ಅದೇ ಆಗಿತ್ತು! ಭಯಜ ಅತಿಸಾರವೆಂದು ಹೆಸರಿಟ್ಟವರಿಗೆ ಈ ವಸ್ತು ಗೊತ್ತಿರಲಿಲ್ಲ, ರೋಗಿ ಗೊತ್ತಿದ್ದರು.

ಅಪಾಯ ಕಳೆದ ಮೇಲೆ ಈ ಏರ್ಪಾಡು ತಾನಾಗಿ ತಣಿಯಬೇಕು. ಕಾರ್ಟಿಸಾಲ್ ಮೆದುಳಿಗೇ ಹಿಂತಿರುಗಿ, ಇನ್ನು ಸಾಕು ಎಂದು ತಿಳಿಸುತ್ತದೆ. ಆ ಸಂದೇಶವನ್ನು ಪಡೆಯುವ ಒಂದು ಮುಖ್ಯ ಸ್ಥಳ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗ. ಬ್ರೂಸ್ ಮೆಕ್‌ಇವನ್ ಅವರು 1968ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಹದ್ದು ಹೋದ ಮೇಲೆ ಕೋಳಿ ಮತ್ತೆ ಮೇಯತೊಡಗುತ್ತದೆ. ಆದರೆ ಹದ್ದು ಮನೆಯೊಳಗೇ ಇದ್ದರೆ? ದಿನಕ್ಕೆ ನಾಲ್ಕು ಸಲ ‘ನಿಂತು ನೋಡಿದವಳು’ ಎಂಬ ಮಾತು ಕಿವಿಗೆ ಬೀಳುತ್ತಿದ್ದರೆ ಈ ಏರ್ಪಾಡು ತಣಿಯುವುದಾದರೂ ಹೇಗೆ? ಹ್ಯಾನ್ಸ್ ಸೆಲ್ಯೆ ಎಂಬುವರು 1936ರಲ್ಲಿಯೇ ಕೆನಡಾದ ಮಾಂಟ್ರಿಯಲ್‌ನಿಂದ ಬರೆದಿದ್ದರು: ಚಳಿ, ಗಾಯ, ವಿಷ, ಅತಿಶ್ರಮ, ಯಾವ ಕಾರಣದಿಂದ ಪೀಡಿಸಿದರೂ ಇಲಿಗಳ ಅಡ್ರಿನಲ್ ಗ್ರಂಥಿ ಊದುತ್ತದೆ, ರೋಗನಿರೋಧಕ್ಕೆ ಬೇಕಾದ ಥೈಮಸ್ ಗ್ರಂಥಿ ಕುಗ್ಗುತ್ತದೆ, ಜಠರದಲ್ಲಿ ಹುಣ್ಣಾಗುತ್ತದೆ.

ಎಲ್ಲ ಪ್ರಾಣಿಗಳೂ ಸಮನಾಗಿ ಬಳಲುವುದಿಲ್ಲವೆಂಬುದೂ ಸತ್ಯ. ಮಾಂಟ್ರಿಯಲ್‌ನಲ್ಲಿಯೇ ಮೈಕೆಲ್ ಮೀನಿ ಅವರ ತಂಡ, ತಾಯಿ ಹೆಚ್ಚಾಗಿ ನೆಕ್ಕಿ ನೇವರಿಸಿದ ಇಲಿಮರಿಗಳು ದೊಡ್ಡವಾದ ಮೇಲೆ ಒತ್ತಡವನ್ನು ಹೆಚ್ಚು ಚೆನ್ನಾಗಿ ತಾಳಿಕೊಳ್ಳುತ್ತವೆ ಎಂದು 1997ರಲ್ಲಿ ವರದಿ ಮಾಡಿತು. ಹೆಚ್ಚು ನೆಕ್ಕದ ತಾಯಿಯ ಮರಿಯನ್ನು ಹುಟ್ಟಿದೊಡನೆ ನೆಕ್ಕುವ ತಾಯಿಯ ಬಳಿ ಬಿಟ್ಟರೆ ಅದೂ ಸಾಕುತಾಯಿಯ ಮರಿಗಳಂತೆಯೇ ಆಯಿತು. ರಕ್ತದಲ್ಲಿಯೇ ಬಂದದ್ದು ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು.

ಈಗ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿಗೆ ಬರುತ್ತೇವೆ. ಜೀವದಯೆಯನ್ನು ಸಾರಿದ ಶರಣರ ಪರಂಪರೆಯ ಪತ್ರಿಕೆಯಲ್ಲಿ ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಏಕೆಂದರೆ ಆ ನಾಯಿಗಳು ನೋವುಂಡಿವೆ. ಆದರೂ ಅವುಗಳ ನೋವಿನಿಂದ ದೊರೆತ ತಿಳಿವನ್ನು ಬಳಸದೆ ಬಿಡುವುದು ಇನ್ನೊಂದು ಅನ್ಯಾಯವೆಂದು ಭಾವಿಸಿ ಬರೆಯುತ್ತಿದ್ದೇವೆ.

1960ರ ದಶಕದಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೈಯರ್ ಎಂಬ ಇಬ್ಬರು ತರುಣರು ನಾಯಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿನ ನಾಯಿಗೆ ವಿದ್ಯುತ್ ಆಘಾತ ಬರುತ್ತಿತ್ತು, ತಲೆಯಿಂದ ಪಕ್ಕದ ಫಲಕವನ್ನು ಒತ್ತಿದರೆ ಅದು ನಿಲ್ಲುತ್ತಿತ್ತು. ಎರಡನೆಯ ಗುಂಪಿನ ನಾಯಿಗೂ ಅಷ್ಟೇ ಆಘಾತ, ಅಷ್ಟೇ ಹೊತ್ತು. ಆದರೆ ತಾನು ಏನು ಮಾಡಿದರೂ ನಿಲ್ಲದು, ಮೊದಲ ನಾಯಿ ನಿಲ್ಲಿಸಿದಾಗಲೇ ಇದಕ್ಕೂ ನಿಲ್ಲುವುದು. ಮೂರನೆಯ ಗುಂಪಿಗೆ ಆಘಾತವೇ ಇಲ್ಲ. ಮರುದಿನ ಎಲ್ಲವನ್ನೂ ನಡುವೆ ಗಿಡ್ಡ ಅಡ್ಡಗೋಡೆಯಿದ್ದ ಪೆಟ್ಟಿಗೆಯಲ್ಲಿ ಬಿಟ್ಟರು. ಅಡ್ಡಗೋಡೆ ಜಿಗಿದರೆ ಆಘಾತದಿಂದ ಪಾರಾಗಬಹುದಿತ್ತು. ಮೊದಲ ಮತ್ತು ಮೂರನೆಯ ಗುಂಪಿನವು ಜಿಗಿಯಲು ಬೇಗನೆ ಕಲಿತವು. ಎರಡನೆಯ ಗುಂಪಿನ ನಾಯಿಗಳಲ್ಲಿ ಹೆಚ್ಚಿನವು ಜಿಗಿಯಲಿಲ್ಲ. ಕುಂಯ್‌ಗುಡುತ್ತ ಇದ್ದಲ್ಲಿಯೇ ಮಲಗಿ ಅನುಭವಿಸಿದವು. ನೋವು ಇಬ್ಬರಿಗೂ ಸಮವಾಗಿತ್ತು. ಭೇದವಿದ್ದದ್ದು ತನ್ನ ಕೈಯಲ್ಲಿ ಏನಾದರೂ ಇದೆಯೇ ಇಲ್ಲವೇ ಎಂಬುದರಲ್ಲಿ. ತಾನು ಮಾಡುವುದರಿಂದ ಏನೂ ಆಗದೆಂದು ನಾಯಿ ಕಲಿತಿದೆ ಎಂದು ಅವರು 1967ರಲ್ಲಿ ಬರೆದರು. ಕಲಿತ ಅಸಹಾಯಕತೆ ಎಂಬ ಮಾತು ಜಗತ್ತಿನ ಪಠ್ಯಪುಸ್ತಕಗಳಿಗೆಲ್ಲ ಸೇರಿತು.

ಮೈಯರ್ ಅಲ್ಲಿಗೆ ಬಿಡಲಿಲ್ಲ. ಮುಂದೆ ಕೊಲರಾಡೋದಲ್ಲಿ ಅವರು ದಶಕಗಳ ಕಾಲ ಇಲಿಗಳ ಮೆದುಳಿನಲ್ಲಿ ಇದರ ಮೂಲವನ್ನು ಹುಡುಕಿದರು. ಇಲ್ಲಿ ಫಲಕದ ಬದಲು ಪುಟ್ಟ ಚಕ್ರ. ತಿರುಗಿಸಿದರೆ ಆಘಾತ ನಿಲ್ಲುತ್ತದೆ. ಕಂಡುಬಂದದ್ದು ಇಷ್ಟು: ದೀರ್ಘವಾದ ಪೀಡೆಗೆ ಒಳಗಾದಾಗ ಮೆದುಳಿನ ಕಾಂಡದಲ್ಲಿರುವ ಸೆರೊಟೋನಿನ್ ನರಕೋಶಗಳ ಒಂದು ಗುಚ್ಛ ಉದ್ರಿಕ್ತವಾಗುತ್ತದೆ, ಪ್ರಾಣಿ ನಿಷ್ಕ್ರಿಯವಾಗುತ್ತದೆ. ಚಕ್ರ ತಿರುಗಿಸಿ ಪೀಡೆಯನ್ನು ನಿಲ್ಲಿಸಬಲ್ಲ ಇಲಿಯಲ್ಲಿ ಮಾತ್ರ, ಹಣೆಯ ಹಿಂದಿರುವ ಮೆದುಳಿನ ಮುಂಭಾಗದ ಒಂದು ಪ್ರದೇಶ ಎಚ್ಚೆತ್ತು ಆ ಗುಚ್ಛವನ್ನು ಹಿಡಿದು ನಿಲ್ಲಿಸುತ್ತದೆ. 2005ರಲ್ಲಿ ಅವರ ತಂಡ ಆ ಮುಂಭಾಗವನ್ನು ಔಷಧದಿಂದ ತಾತ್ಕಾಲಿಕವಾಗಿ ಮಲಗಿಸಿ ನೋಡಿತು. ಇಲಿ ಚಕ್ರ ತಿರುಗಿಸಿ ಆಘಾತವನ್ನು ನಿಲ್ಲಿಸಿದರೂ ಮರುದಿನ ಅಸಹಾಯಕವಾಗಿತ್ತು. ಮುಂದೆ ಇದಕ್ಕೆ ವಿರುದ್ಧವಾದುದನ್ನೂ ಮಾಡಿದರು: ನಿಲ್ಲಿಸಲಾಗದ ಆಘಾತದ ಹೊತ್ತಿನಲ್ಲಿ ಆ ಭಾಗವನ್ನು ಔಷಧದಿಂದ ಎಚ್ಚರಿಸಿದರು. ಇಲಿ ಅಸಹಾಯಕವಾಗಲಿಲ್ಲ.

2016ರಲ್ಲಿ, ಸುಮಾರು ಅರ್ಧ ಶತಮಾನದ ಬಳಿಕ, ಅದೇ ಇಬ್ಬರೂ ಜೊತೆಯಾಗಿ ಲೇಖನ ಬರೆದು ತಾವು ಅಂದು ಹೇಳಿದ್ದು ತಿರುವುಮುರುವಾಗಿತ್ತೆಂದು ಒಪ್ಪಿಕೊಂಡರು. ಅಸಹಾಯಕತೆಯನ್ನು ಯಾರೂ ಕಲಿಯಬೇಕಿಲ್ಲ; ದೀರ್ಘಕಾಲದ ಪೀಡೆಗೆ ಮೆದುಳು ಸಹಜವಾಗಿ ಕೊಡುವ ಉತ್ತರವೇ ಅದು. ಕಲಿಯಬೇಕಾದದ್ದು ‘ನನ್ನಿಂದ ಏನೋ ಆಗುತ್ತದೆ’ ಎಂಬುದನ್ನು. ತಮ್ಮ ಹೆಸರನ್ನು ಲೋಕಕ್ಕೆ ಪರಿಚಯಿಸಿದ ಸಿದ್ಧಾಂತವನ್ನು ತಾವೇ ತಿದ್ದಿದ ಆ ಹಿರಿಯರ ಬಗ್ಗೆ ನಮಗೆ ಗೌರವವಿದೆ. ಇನ್ನೆರಡು ಅಂಶಗಳು ಚಿಕಿತ್ಸೆಯ ದೃಷ್ಟಿಯಿಂದ ಮುಖ್ಯವಾದವು. ಮೊದಲೇ ಆಘಾತವನ್ನು ನಿಲ್ಲಿಸಲು ಕಲಿತಿದ್ದ ನಾಯಿಗಳು ಆಮೇಲೆ ನಿಲ್ಲಿಸಲಾಗದ ಆಘಾತಕ್ಕೆ ಒಳಗಾದರೂ ಅಸಹಾಯಕವಾಗಲಿಲ್ಲ. ಅಸಹಾಯಕವಾಗಿ ಮಲಗಿದ್ದ ನಾಯಿಗಳು ಬರಿಯ ಪ್ರಲೋಭನೆಯಿಂದ ಏಳಲಿಲ್ಲ. ಕೊರಳಿಗೆ ಹಗ್ಗ ಹಾಕಿ ಅಡ್ಡಗೋಡೆಯಾಚೆ ಮತ್ತೆ ಮತ್ತೆ ಎಳೆದೊಯ್ದ ಮೇಲೆ, ದಾಟಿದರೆ ನೋವು ನಿಲ್ಲುತ್ತದೆ ಎಂದು ದೇಹಕ್ಕೆ ಗೊತ್ತಾದ ಮೇಲೆ ಎದ್ದವು.

ಇಲಿ, ನಾಯಿಗಳಿಂದ ಮನುಷ್ಯರಿಗೆ ಜಿಗಿಯುವಾಗ ಎಚ್ಚರವಿರಬೇಕು. ಮನುಷ್ಯನಿಗೆ ಮಾತಿದೆ, ಮಾನವಿದೆ, ಮಾಡದ ತಪ್ಪಿಗೂ ತನ್ನನ್ನು ತಾನೇ ದಂಡಿಸಿಕೊಳ್ಳುವ ಬುದ್ಧಿಯಿದೆ. ಆದರೂ ನಾವು ಆ ಕುಟುಂಬದ ಸ್ಥಿತಿಯನ್ನು ಈ ತಿಳಿವಿನೊಂದಿಗೆ ಮತ್ತೆ ನೋಡಿದಾಗ ಒಂದು ಸಂಗತಿ ಕಣ್ಣಿಗೆ ಹೊಡೆಯಿತು. ಹೊಂಡದ ದಂಡೆಯ ಮೇಲಿನ ಸ್ತಬ್ಧತೆ ಕೆಲವು ಕ್ಷಣದ್ದು. ಅದರ ನಂತರದ ತಿಂಗಳುಗಳಲ್ಲಿ ಮಗುವಿಗೆ ಎಣ್ಣೆ ಹಚ್ಚುವುದು, ನೀರು ಹಾಕುವುದು, ಉಣಿಸುವುದು ಎಲ್ಲವನ್ನೂ ತಾಯಿಯ ಕೈಯಿಂದ ಕಸಿದುಕೊಂಡಿದ್ದರು. ಒಂದೊಂದು ಸಲ ಸಿಟ್ಟಿನಿಂದ, ಒಂದೊಂದು ಸಲ ‘ನೀ ಸುಮ್ಮನ ಮಲಕೊ’ ಎಂಬ ಕನಿಕರದಿಂದ. ರೋಗಿಯನ್ನು ವಿಶ್ರಾಂತಿಯ ಹೆಸರಿನಲ್ಲಿ ಕಾಯಕದಿಂದ ಬಿಡಿಸುವ ಕನಿಕರವನ್ನು ನಾವು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಮೈಗೆ ಜ್ವರವಿದ್ದಾಗ ಅದು ಸರಿ. ಮನಸ್ಸು ಕುಸಿದಾಗ ಎಲ್ಲ ಕೆಲಸವನ್ನೂ ಕಸಿಯುವುದು ಚಕ್ರವನ್ನೇ ಕಿತ್ತುಕೊಂಡಂತೆ.

ನಾವು ಅತ್ತೆಯವರನ್ನೂ ಕೂರಿಸಿಕೊಂಡು ಕೋಳಿಮರಿಗಳ ಉದಾಹರಣೆಯಿಂದಲೇ ವಿವರಿಸಿದೆವು. ಅವರು ಸುಲಭಕ್ಕೆ ಒಪ್ಪುವವರಲ್ಲ. “ಹಂಗಾದ್ರ ಬಾಜೂ ಹೊಲದಾಂವನ ಕಾಲು ಹ್ಯಾಂಗ ಎದ್ದೂವು?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆತ ಚಿಕ್ಕಂದಿನಿಂದ ಬಾವಿಯಲ್ಲಿ ಈಜಿದವನೆಂದು ವಿಚಾರಿಸಿದಾಗ ತಿಳಿಯಿತು. ನೀರಿಗೆ ಬಿದ್ದು ಮತ್ತೆ ಮತ್ತೆ ಮೇಲೆ ಬಂದ ದೇಹ ಅದು. ಅಡ್ಡಗೋಡೆ ದಾಟಿದ ಅನುಭವ ಅದಕ್ಕೆ ಮೊದಲೇ ಇತ್ತು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೂ ಈಸು ಬರೂದಿಲ್ಲ” ಎಂದರು. ಅಂದು ಅಷ್ಟಕ್ಕೇ ಮಾತು ನಿಂತಿತು. ನಾವೂ ಮುಂದುವರಿಸಲಿಲ್ಲ.

ಸೊಸೆಗೆ, “ತಂಗೀ, ನಿನ್ನ ಕಾಲು ತಪ್ಪು ಮಾಡಿಲ್ಲ” ಎಂದು ಹೇಳಿದ್ದರಿಂದ ಅವರ ಮುಖದಲ್ಲಿ ಬಿಗಿತ ಸಡಿಲವಾಯಿತಾದರೂ ಬರಿಯ ಮಾತಿನಿಂದ ಗುಣವಾಗದೆಂದು ಗೊತ್ತಿತ್ತು. ಔಷಧವನ್ನು ಮುಂದುವರಿಸುತ್ತಲೇ ಎರಡು ಕೆಲಸ ಹೇಳಿದೆವು. ಮರುದಿನದಿಂದ ಮಗುವಿನ ಸ್ನಾನ ತಾಯಿಯದು. ಅತ್ತೆ ಬೇಕಾದರೆ ಹತ್ತಿರ ಕುಳಿತು ನೋಡಲಿ, ಕೈ ಹಾಕಬಾರದು. ಇನ್ನೊಂದು, ಆ ಹೊಂಡವನ್ನು ಸುರಕ್ಷಿತ ಮಾಡುವ ಹೊಣೆಯೂ ಅವರದೇ. ಮೊದಲ ವಾರ ಹೊಂಡದ ಕಡೆ ಮುಖ ಮಾಡಲೂ ಅವರಿಂದಾಗಲಿಲ್ಲ. ಗಂಡನ ಜೊತೆ ದೂರದಲ್ಲಿ ನಿಂತು ನೋಡುವುದು, ಮುಂದಿನ ವಾರ ಇನ್ನಷ್ಟು ಹತ್ತಿರ, ಹೀಗೆ ಹೋಗಲು ತಿಳಿಸಿದೆವು. ತಿಂಗಳು ಕಳೆಯುವುದರೊಳಗೆ ಸುತ್ತ ಜಾಲಿಯ ಬೇಲಿ ಬಂತು. ಹಳೆಯ ಟೈರಿನ ಟ್ಯೂಬಿಗೆ ಗಾಳಿ ತುಂಬಿಸಿ, ಹಗ್ಗ ಕಟ್ಟಿ ಬೇಲಿಗೆ ತೂಗುಹಾಕಿದ್ದು ಅವರದೇ ಯೋಚನೆ. ಭೇದಿ ಕಡಿಮೆಯಾದದ್ದು ಸರಿಸುಮಾರು ಆ ಹೊತ್ತಿಗೆ. ಕುಟಜಾರಿಷ್ಟಕ್ಕೆ ಇದರಲ್ಲಿ ಪಾಲಿಲ್ಲವೆಂದು ನಾವು ಹೇಳುವುದಿಲ್ಲ; ಎಲ್ಲವೂ ಅದರಿಂದಲೇ ಎಂದರೂ ಸುಳ್ಳಾಗುತ್ತದೆ.

ನಿದ್ರೆಗಾಗಿ ಉಸಿರಾಟವನ್ನು ನಿಧಾನಗೊಳಿಸುವ ಅಭ್ಯಾಸವನ್ನೂ ಹೇಳಿಕೊಟ್ಟೆವು. ಅವರು ಇಷ್ಟಲಿಂಗ ಪೂಜೆಯನ್ನು ಬಿಟ್ಟಿದ್ದರು. ಅಂಗೈ ನಡುಗುತ್ತದೆ ಎಂಬ ಕಾರಣ ಕೊಟ್ಟರು. ನಡುಗಿದರೂ ಕುಳಿತುಕೊಳ್ಳಿ ಎಂದೆವು. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು, ಇಲಿಯ ಉಸಿರಾಟದ ಕೇಂದ್ರದಿಂದ ಮೆದುಳನ್ನು ಎಚ್ಚರದಲ್ಲಿಡುವ ಕೇಂದ್ರಕ್ಕೆ ಸುದ್ದಿ ಮುಟ್ಟಿಸುವ ಕೆಲವೇ ನರಕೋಶಗಳನ್ನು ಗುರುತಿಸಿದರು. ಅವನ್ನು ಇಲ್ಲವಾಗಿಸಿದಾಗ ಇಲಿಗಳು ನಿಧಾನವಾಗಿ ಉಸಿರಾಡುತ್ತ ಶಾಂತವಾಗಿ ಕುಳಿತವು. ಪೂಜೆಯ ಫಲಕ್ಕೆ ಇದು ಪ್ರಮಾಣವೆಂದು ನಾವು ಹೇಳುತ್ತಿಲ್ಲ; ಉಸಿರಿಗೂ ಮನಸ್ಸಿನ ಎಚ್ಚರಕ್ಕೂ ನಡುವೆ ನರದ ನಂಟು ಇದೆಯೆಂಬಷ್ಟು ಮಾತ್ರ ಅದರಿಂದ ಸಿದ್ಧವಾಗುತ್ತದೆ.

ಕೃಷಿಹೊಂಡವಿರುವ ಮನೆಯವರು ಬೇಲಿ, ಟ್ಯೂಬು, ದಂಡೆಯ ಗೂಟಕ್ಕೆ ಕಟ್ಟಿ ನೀರಿನವರೆಗೆ ಇಳಿಬಿಟ್ಟ ಗಂಟುಹಗ್ಗ, ಈ ಮೂರನ್ನೂ ಇಂದೇ ಮಾಡಿಕೊಳ್ಳಬೇಕು. ಪ್ಲಾಸ್ಟಿಕ್ ಹಾಸಿದ ಹೊಂಡದಿಂದ ಈಜು ಬಲ್ಲವರೂ ಹಿಡಿತವಿಲ್ಲದೆ ಮೇಲೆ ಬರಲಾರರು. ಅವಘಡ, ಸಾವು, ಹಲ್ಲೆಗಳನ್ನು ಕಂಡವರಿಗೆ ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಬರುತ್ತಿದ್ದರೆ, ನಿದ್ರೆ ಊಟ ಕ್ರಮಕ್ಕೆ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಬಾಯಿಂದ ಬಂದರೆ, ನಮ್ಮಂಥವರ ಚೂರ್ಣ, ಅರಿಷ್ಟಗಳನ್ನು ನೆಚ್ಚಿಕೊಂಡು ಕಾಲ ಕಳೆಯದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದು ಹಗಲಿರುಳೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು.